ಸ್ಪ್ಯಾನರ್ ಹೋದ ದಾರಿ

(ತಿಪಟೂರಿನ ಸುತ್ತಮುತ್ತ ತೆಂಗಿನಕಾಯಿ, ಕೊಬ್ಬರಿ ಹೊರುವ ಹಳೆಯ ಡೀಸೆಲ್ ಪಿಕಪ್‌ಗಳು ಬೇಕಾದಷ್ಟಿವೆ. ಅಂಥದೊಂದರ ಮಾಲೀಕನಿಗೂ ಡೀಸೆಲ್ ಕೆಲಸದಲ್ಲಿ ಕೈ ಪಳಗಿದ ಮೇಸ್ತ್ರಿಗೂ ನಡೆದ ಮಾತುಕತೆ ಇದು. ನಡುನಡುವಿನ ಬೈಗುಳಗಳನ್ನು ಬಿಟ್ಟಿದ್ದೇನೆ. ಅದರಿಂದ ಬರಹ ಅರ್ಧಕ್ಕೆ ಇಳಿಯಿತು.)

ಮಾಲೀಕ: ಮೇಸ್ತ್ರಿ, ಗಾಡಿ ಟ್ರ್ಯಾಕ್ಟರ್‌ಗೆ ಕಟ್ಟಿ ಎಳ್ಕೊಂಡು ಬಂದಿದೀನಿ. ಪಂಪು ಹೋಗಿದೆ. ಇನ್ನೊಂದು ಸಲ ಬಿಚ್ಚಬೇಕು.

ಮೇಸ್ತ್ರಿ: ಪಂಪು ಹೋಗಿದೆ ಅಂದೋರು ಯಾರಪ್ಪ?

ಮಾಲೀಕ: ರಿಪೇರಿ ಮಾಡಿದೋರೇ. ಪಂಪು, ನಾಝಲ್ಲು ಎಲ್ಲ ಇಳಿಸಿ, ಟೆಸ್ಟಿಂಗ್ ಮಾಡಿಸಿ ಹಾಕಿದ್ರು. ಹಾಕಿದ ಮೇಲೆ ಆಫ್ ಆಗೋಕೆ ಶುರುವಾಯ್ತು. ಕೇಳಿದ್ರೆ ಪಂಪಿನ ಹೆಡ್ಡೇ ಹೊಸದು ಹಾಕಬೇಕು ಅಂತಾರೆ.

ಮೇಸ್ತ್ರಿ: ಅವರ ಹತ್ರ ಬಿಡೋಕೆ ಮುಂಚೆ ಹಿಂಗೆ ಆಫ್ ಆಗ್ತಿತ್ತಾ?

ಮಾಲೀಕ: ಒಂದು ದಿನಾನೂ ಇಲ್ಲ. ಕಪ್ಪು ಹೊಗೆ ಬರ್ತಿತ್ತು ಅಷ್ಟೇ. ಎಫ್‌ಸಿ ಹತ್ರ ಬಂತಲ್ಲ, ಹೊಗೆ ಟೆಸ್ಟ್‌ನಲ್ಲಿ ಸಿಕ್ಕಿಹಾಕ್ಕೊಳ್ಳೋದು ಬೇಡ ಅಂತ ಬಿಟ್ಟೆ.

ಮೇಸ್ತ್ರಿ: ಹೊಗೆಗೆ ಅಂತ ಬಿಟ್ಟೆ, ಆಫ್ ಆಗೋ ಗಾಡಿ ಇಸ್ಕೊಂಡು ಬಂದೆ. ನೋಡು, ರಿಪೇರಿಗೆ ಮುಂಚೆ ಇಲ್ಲದ ತೊಂದರೆ ರಿಪೇರಿ ಆದ ಮೇಲೆ ಬಂದ್ರೆ, ನಾನು ಮೊದಲು ನೋಡೋದು ಸ್ಪ್ಯಾನರ್ ಎಲ್ಲೆಲ್ಲಿ ಹೋಗಿತ್ತು ಅಂತ. ಯಾರೂ ಮುಟ್ಟದ ಜಾಗದಲ್ಲಿ ಅದೇ ವಾರ ಹೊಸ ತೊಂದರೆ ಹುಟ್ಟಬಾರದು ಅಂತೇನಿಲ್ಲ. ಆದ್ರೆ ಹುಡುಕೋದು ಅಲ್ಲಿಂದ ಶುರು ಮಾಡಬಾರದು. ಬಿಲ್ ಏನಾದ್ರೂ ಕೊಟ್ಟಿದಾರಾ?

ಮಾಲೀಕ: ಚೀಟಿ ಇದೆ. ಪಂಪ್ ವರ್ಕ್, ನಾಝಲ್ ವರ್ಕ್, ಫಿಲ್ಟರ್, ಲೇಬರ್. ಕೆಳಗೆ ಟೋಟಲ್.

ಮೇಸ್ತ್ರಿ: ಇದರಲ್ಲಿ ದುಡ್ಡಿನ ಲೆಕ್ಕ ಇದೆ, ಕೆಲಸದ ಲೆಕ್ಕ ಇಲ್ಲ. ಹೋಗಲಿ, ನಾನೇ ಹೇಳ್ತೀನಿ. ಪಂಪು ಇಳಿಸಬೇಕಾದ್ರೆ ಡೀಸೆಲ್ ಬರೋ ಪೈಪು ಬಿಚ್ಚಿದ್ದಾರೆ, ವಾಪಸ್ ಹೋಗೋ ಪೈಪು ಬಿಚ್ಚಿದ್ದಾರೆ. ನಾಝಲ್‌ಗೆ ಹೋಗೋ ನಾಲ್ಕು ಕಬ್ಬಿಣದ ಪೈಪು, ಸ್ಟಾಪ್ ಸೊಲೆನಾಯ್ಡ್‌ನ ವೈರು, ಆಕ್ಸಿಲರೇಟರ್ ಕೇಬಲ್ಲು. ನಾಝಲ್ ಇಳಿಸುವಾಗ ಅದರ ತಲೆ ಮೇಲಿನ ರಿಟರ್ನ್ ಪೈಪು. ಫಿಲ್ಟರ್ ಬದಲಾಯಿಸುವಾಗ ರಬ್ಬರ್ ರಿಂಗು, ಏರ್ ಸ್ಕ್ರೂ. ಇಷ್ಟು ಜಾಗದಲ್ಲಿ ಕೈ ಆಡಿದೆ. ಇದನ್ನೆಲ್ಲ ದಾಟಿ ಆಮೇಲೆ ಪಂಪಿನ ಹೆಡ್ಡಿನ ಸರದಿ. ಅವರು ಕೊನೆಯಿಂದ ಶುರು ಮಾಡಿದ್ದಾರೆ, ಯಾಕಂದ್ರೆ ದುಬಾರಿ ಸಾಮಾನು ಇರೋದು ಅಲ್ಲೇ.

ಮಾಲೀಕ: ಹಂಗಾದ್ರೆ ಎಲ್ಲ ಬಿಚ್ಚಿ ನೋಡಿಬಿಡಿ ಮೇಸ್ತ್ರಿ.

ಮೇಸ್ತ್ರಿ: ಈಗಲೇ ಏನೂ ಬಿಚ್ಚಲ್ಲ. ಹೆಂಗೆ ಆಫ್ ಆಗುತ್ತೆ, ಅದು ಹೇಳು.

ಮಾಲೀಕ: ಆಫ್ ಆಗುತ್ತೆ ಅಂದ್ರೆ ಆಗುತ್ತೆ. ಅದರಲ್ಲಿ ಹೆಂಗೆ ಅಂತ ಏನಿದೆ?

ಮೇಸ್ತ್ರಿ: ಅದರಲ್ಲೇ ಎಲ್ಲ ಇರೋದು. ಕೀ ತಿರುಗಿಸಿದ ಹಂಗೆ ಟಕ್ ಅಂತ ನಿಂತ್ರೆ ಕರೆಂಟ್ ಕಡೆ ನೋಡ್ತೀನಿ. ನಿನ್ನ ಗಾಡಿಯದು ರೋಟರಿ ಪಂಪು. ಅದರ ಹಿಂದೆ ಒಂದು ಸೊಲೆನಾಯ್ಡ್ ಇದೆ, 12 ವೋಲ್ಟ್ ಬರ್ತಿರೋ ತನಕ ಡೀಸೆಲ್ ದಾರಿ ತೆರೆದಿಟ್ಟಿರುತ್ತೆ. ಕರೆಂಟ್ ಹೋಯ್ತಾ, ಸ್ಪ್ರಿಂಗು ದಾರಿ ಮುಚ್ಚುತ್ತೆ. ಪಂಪು ಹಾಕುವಾಗ ಆ ವೈರಿನ ನಟ್ಟು ಅರ್ಧ ಬಿಗಿ ಮಾಡಿ ಬಿಟ್ಟಿದ್ರೆ ಸಾಕು, ಗುಂಡಿಗೆ ಇಳಿದಾಗೆಲ್ಲ ಗಾಡಿ ನಿಲ್ಲುತ್ತೆ. ಅದು ಬಿಟ್ಟು, ಏರಿಳಿದು ತಡವರಿಸಿ ನಿಂತ್ರೆ ಡೀಸೆಲ್ ಸಾಲ್ತಿಲ್ಲ, ಇಲ್ಲಾ ಡೀಸೆಲ್ ಜೊತೆ ಗಾಳಿ ಹೋಗ್ತಿದೆ.

ಮಾಲೀಕ: ಟಕ್ ಅಂತ ಅಲ್ಲ. ಸ್ಟಾರ್ಟ್ ಮಾಡಿ ಸ್ಲೋನಲ್ಲಿ ಬಿಟ್ರೆ ಸ್ವಲ್ಪ ಹೊತ್ತು ಚೆನ್ನಾಗೇ ಇರುತ್ತೆ. ಆಮೇಲೆ ಸೌಂಡು ಏರುತ್ತೆ, ಇಳಿಯುತ್ತೆ, ಏರುತ್ತೆ, ನಿಲ್ಲುತ್ತೆ. ಫಿಲ್ಟರ್ ಮೇಲಿನ ಹ್ಯಾಂಡ್ ಪಂಪು ಒತ್ತಿದ್ರೆ ಮತ್ತೆ ಸ್ಟಾರ್ಟ್. ಲೋಡ್ ಹಾಕಿ ಏರು ಹತ್ತಿದ್ರಂತೂ ರೇಸ್ ಕೊಟ್ಟಷ್ಟೂ ಎಳೆಯಲ್ಲ. ಕಾಲು ಅದುಮಿದ್ರೆ ಮಂಕಾಗಿ ನಿಂತೇಬಿಡುತ್ತೆ.

ಮೇಸ್ತ್ರಿ: ಹ್ಞಾಂ. ಈಗ ಎರಡು ತೊಂದರೆ ಹೇಳಿದೆ, ಗೊತ್ತಾಯ್ತಾ? ಸ್ಲೋನಲ್ಲಿ ಏರಿಳಿದು ನಿಲ್ಲೋದು ಒಂದು, ರೇಸ್ ಕೊಟ್ರೆ ಮಂಕಾಗೋದು ಇನ್ನೊಂದು. ಎರಡಕ್ಕೂ ಒಂದೇ ಕಾರಣ ಇರಬಹುದು, ಬೇರೆ ಬೇರೆನೂ ಇರಬಹುದು. ಎರಡನ್ನೂ ಕಟ್ಟಿ ಪಂಪಿನ ತಲೆಗೆ ಹೊರಿಸೋದು ಬೇಡ.

ಮಾಲೀಕ: ಹ್ಯಾಂಡ್ ಪಂಪು ಒತ್ತಿದ್ರೆ ಯಾಕೆ ಸ್ಟಾರ್ಟ್ ಆಗುತ್ತೆ?

ಮೇಸ್ತ್ರಿ: ಒಳಗಿನ ಗಾಳಿ ತಳ್ಳಿ ಡೀಸೆಲ್ ತುಂಬಿಸ್ತೀಯಲ್ಲ, ಅದಕ್ಕೆ. ಪೆಟ್ರೋಲ್ ಗಾಡಿಗೆ ಪ್ಲಗ್ಗಿನ ಕಿಡಿ ಬೇಕು. ಇದಕ್ಕೆ ಕಿಡಿ ಇಲ್ಲ. ಗಾಳಿಯನ್ನ ಹತ್ತಿರಹತ್ತಿರ 20 ಪಟ್ಟು ಒತ್ತಿದಾಗ ಅದೇ ಕಾಯುತ್ತೆ. ಆ ಬಿಸಿಗೆ ಡೀಸೆಲ್ ಚಿಮುಕಿಸಿದ್ರೆ ಹತ್ಕೊಳ್ಳುತ್ತೆ. ಆದ್ರೆ ಚಿಮುಕಿಸೋಕೆ ನಾಝಲ್ ತೆರೀಬೇಕಲ್ಲ? ಅದು ತೆರೆಯೋದು ಸುಮಾರು 200 ಬಾರ್ ಒತ್ತಡಕ್ಕೆ. ನಿನ್ನ ಟೈರಿನಲ್ಲಿ ಇರೋದು ಮೂರು ಬಾರ್ ಚಿಲ್ಲರೆ, ಲೆಕ್ಕ ಹಾಕು. ಪಂಪಿನ ಪ್ಲಂಜರ್ ಆ ಒತ್ತಡ ಹುಟ್ಟಿಸೋದು ಎರಡು ಮೂರು ಮಿಲಿಮೀಟರ್ ಮುಂದಕ್ಕೆ ಹೋಗಿ. ಡೀಸೆಲ್ ತುಂಬಿದ್ರೆ ಆ ತಳ್ಳು ನೇರ ನಾಝಲ್‌ಗೆ ಮುಟ್ಟುತ್ತೆ. ನಡುವೆ ಒಂದು ಗುಳ್ಳೆ ಗಾಳಿ ಇದ್ರೆ ಆ ಎರಡು ಮೂರು ಮಿಲಿಮೀಟರೂ ಗುಳ್ಳೆ ಹಿಚುಕೋದಕ್ಕೇ ಮುಗಿದುಹೋಗುತ್ತೆ. ನಾಝಲ್ ಬಾಯೇ ಬಿಡಲ್ಲ.

ಮಾಲೀಕ: ಒಂದು ಗುಳ್ಳೆಗೆ ಇಷ್ಟೆಲ್ಲ ಆಗುತ್ತಾ?

ಮೇಸ್ತ್ರಿ: ಸ್ಲೋನಲ್ಲಿ 800 ಆರ್‌ಪಿಎಂ ಅಂತ ಇಟ್ಕೊ. ನಾಲ್ಕು ಸಿಲಿಂಡರ್ ಸೇರಿ ನಿಮಿಷಕ್ಕೆ 1600 ಸಲ ಡೀಸೆಲ್ ಚಿಮುಕಬೇಕು. ಗುಳ್ಳೆಗಳು ಸಾಲಾಗಿ ಬಂದ್ರೆ ಅದರಲ್ಲಿ ಎಷ್ಟು ತಪ್ಪುತ್ತೆ? ಅದೇ ನೀನು ಹೇಳಿದ ಏರಿಳಿತ. ಇನ್ನೊಂದು ತಮಾಷೆ ಕೇಳು. ಐಟಿಐನಲ್ಲಿ ನಮ್ಮ ಮೇಷ್ಟ್ರು ಹೇಳಿದ್ದು. 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ರುಡಾಲ್ಫ್ ಡೀಸೆಲ್ ತನ್ನ ಎಂಜಿನ್ನನ್ನ ನೆಟ್ಟಗೆ ಓಡಿಸಿ ತೋರಿಸಿದಾಗ, ಎಣ್ಣೆಯನ್ನ ಒಳಗೆ ಊದ್ತಿದ್ದಿದ್ದೇ ಗಾಳಿ. ಬೇರೆ ಕಂಪ್ರೆಸರ್ ಇಟ್ಟು ಗಾಳಿಯಿಂದ ಎಣ್ಣೆ ತಳ್ತಿದ್ರು. ಬರೀ ಎಣ್ಣೆಯನ್ನೇ ಒತ್ತಿ ಚಿಮುಕಿಸೋ ಪಂಪು ಆಮೇಲೆ ಬಂತು, ಅವತ್ತಿಂದ ಗಾಳಿ ಇದಕ್ಕೆ ಆಗಿಬರಲ್ಲ.

ಮಾಲೀಕ: ಆದ್ರೆ ಮೇಸ್ತ್ರಿ, ಒಂದು ಹನಿ ಡೀಸೆಲ್ ಎಲ್ಲೂ ಸೋರ್ತಿಲ್ಲ. ನಾನೇ ಗಾಡಿ ಕೆಳಗೆ ಮಲಗಿ ನೋಡಿದೀನಿ.

ಮೇಸ್ತ್ರಿ: ಎಲ್ಲರೂ ಎಡವೋದು ಇಲ್ಲೇ. ಎಳನೀರು ಕುಡಿಯೋ ಸ್ಟ್ರಾಗೆ ಸಣ್ಣ ತೂತು ಬಿದ್ರೆ ಎಳನೀರು ಹೊರಗೆ ಸೋರುತ್ತಾ? ಇಲ್ಲ, ಬಾಯಿಗೆ ಗಾಳಿ ಬರುತ್ತೆ. ಟ್ಯಾಂಕಿಂದ ಪಂಪಿನ ತನಕ ಇರೋ ದಾರಿ ಆ ಸ್ಟ್ರಾ. ಪಂಪು ಎಳೀತಿರುವಾಗ ಅದರೊಳಗೆ ಒತ್ತಡ ಹೊರಗಿಗಿಂತ ಕಮ್ಮಿ. ಡೀಸೆಲ್ ಹೊರಗೆ ಬರಲ್ಲ, ಗಾಳಿ ಒಳಗೆ ಹೋಗುತ್ತೆ. ಬಾ, ಆ ಮೂಲೆಯ ಪೈಪು ತಗೊ.

ಮಾಲೀಕ: ಇದು ಗಾರೆ ಕೆಲಸದೋರು ಮಟ್ಟ ನೋಡೋ ಪೈಪಲ್ವಾ?

ಮೇಸ್ತ್ರಿ: ಅದೇ. ನನ್ನ ಗ್ಯಾರೇಜಿನಲ್ಲಿ ಇದಕ್ಕಿಂತ ಒಳ್ಳೆ ಮಿಷನ್ ಇಲ್ಲ. ಫಿಲ್ಟರ್‌ಗೂ ಪಂಪಿಗೂ ನಡುವೆ ಒಂದು ತುಂಡು ಹಾಕಿದೀನಿ. ಹ್ಯಾಂಡ್ ಪಂಪು ಒತ್ತು, ಗಟ್ಟಿ ಆಗೋ ತನಕ. ಈಗ ಸೆಲ್ಫ್ ಹೊಡಿ. ಸ್ಟಾರ್ಟ್ ಆಯ್ತಾ, ಇಳಿದು ಬಂದು ನೋಡು.

ಮಾಲೀಕ: ಡೀಸೆಲ್ ಹೋಗೋದು ಕಾಣ್ತಿದೆ. ಸ್ವಚ್ಛವಾಗೇ ಇದೆಯಲ್ಲ... ಓ, ಬಂತು. ಒಂದು ಗುಳ್ಳೆ. ಇನ್ನೊಂದು. ಸಾಲಾಗಿ ಬರ್ತಿವೆ. ಮೇಲ್ಗಡೆ ಅಂಟ್ಕೊಂಡು ಜಾರ್ತಿವೆ. ಸೌಂಡು ಏರಿಳೀತಿದೆ... ನಿಂತೇಹೋಯ್ತು!

ಮೇಸ್ತ್ರಿ: ಸೆಲ್ಫ್ ಹೊಡೆಯೋಕೆ ಹೋಗಬೇಡ. ಮೊದಲು ಗಾಳಿ ತೆಗೀಬೇಕು. ರೋಟರಿ ಪಂಪಿಗೆ ಬೇರೆ ಆಯಿಲ್ ಇಲ್ಲ, ಹರಿಯೋ ಡೀಸೆಲ್ಲೇ ಅದಕ್ಕೆ ಆಯಿಲ್ಲು. ಗಾಳಿ ತುಂಬಿದಾಗ ಸುಮ್ಮನೆ ತಿರುಗಿಸಿದ್ರೆ ಒಳಗೆ ಒಣಗಿದ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತೆ. ಸೀಮೆಎಣ್ಣೆ ಬೆರೆಸಿ ಓಡಿಸಿ ಪಂಪು ಕೆಡಿಸ್ಕೊಂಡೋರನ್ನ ಎಷ್ಟು ಜನರನ್ನ ಬೇಕು ತೋರಿಸ್ಲಿ? ಅದೂ ಇದೇ ಕಥೆ. ಈಗ ಪೈಪನ್ನ ಇಲ್ಲಿಂದ ತೆಗೆದು ಟ್ಯಾಂಕಿಗೂ ಫಿಲ್ಟರ್‌ಗೂ ನಡುವೆ ಹಾಕ್ತೀನಿ. ಒತ್ತು. ಹೊಡಿ.

ಮಾಲೀಕ: ಇಲ್ಲಿ ಒಂದೂ ಗುಳ್ಳೆ ಇಲ್ಲ. ಆದ್ರೂ ಗಾಡಿ ನಿಂತೋಯ್ತು.

ಮೇಸ್ತ್ರಿ: ಫಿಲ್ಟರ್‌ಗೆ ಬರೋ ತನಕ ಗಾಳಿ ಇಲ್ಲ, ಫಿಲ್ಟರ್ ದಾಟಿದ ಮೇಲೆ ಗಾಳಿ ಇದೆ. ಅಂದ್ರೆ ಎಲ್ಲಿ?

ಮಾಲೀಕ: ಫಿಲ್ಟರ್‌ನಲ್ಲೇ.

ಮೇಸ್ತ್ರಿ: ಟ್ಯಾಂಕು, ಚಾಸಿ ಉದ್ದಕ್ಕೂ ಹೋಗಿರೋ ಪೈಪು, ಎಲ್ಲ ಬಚಾವ್. ಎಷ್ಟು ಕೆಲಸ ಉಳೀತು ನೋಡು. ಫಿಲ್ಟರನ್ನ ಬಟ್ಟೇಲಿ ಒರೆಸಿ ಒಣಗಿಸ್ತೀನಿ. ಸುತ್ತಲೂ ಪೌಡರ್ ಉದುರಿಸ್ತೀನಿ. ಮುಖಕ್ಕೆ ಹಾಕೋದೇ, ನಗಬೇಡ. ಈಗ ಎಂಜಿನ್ ಸ್ಟಾರ್ಟ್ ಮಾಡದೆ ಬರೀ ಹ್ಯಾಂಡ್ ಪಂಪು ಒತ್ತು. ನೀನು ಒತ್ತಿದಾಗ ಫಿಲ್ಟರಿನೊಳಗೆ ಒತ್ತಡ ಬರುತ್ತೆ. ಗಾಳಿ ಒಳಗೆ ಹೋಗೋ ಬಿರುಕಿನಲ್ಲೇ ಡೀಸೆಲ್ ಹೊರಗೆ ಬರಬೇಕು.

ಮಾಲೀಕ: ಇಲ್ಲಿ ಮೇಸ್ತ್ರಿ! ಫಿಲ್ಟರ್ ಕೂರೋ ಹೆಡ್ಡು, ಫಿಲ್ಟರು ಸೇರೋ ಅಂಚಿನಲ್ಲಿ ಪೌಡರು ಒದ್ದೆ ಆಯ್ತು. ಉಗುರಿನಷ್ಟು ಅಗಲ.

ಮೇಸ್ತ್ರಿ: ಬಿಚ್ಚೋ ಹೊತ್ತು ಬಂತು. ಇಲ್ಲೇ, ಇದೊಂದನ್ನೇ... ನೋಡು. ಹಳೇ ಫಿಲ್ಟರ್‌ನ ರಬ್ಬರ್ ರಿಂಗು ಹೆಡ್ಡಿಗೇ ಅಂಟ್ಕೊಂಡು ಉಳಿದಿದೆ. ಅದರ ಮೇಲೆ ಹೊಸ ಫಿಲ್ಟರು, ಅದರದ್ದೇ ಹೊಸ ರಿಂಗು. ರಿಂಗಿನ ಮೇಲೆ ರಿಂಗು. ಕೈಗೆ ಬಿಗಿಯಾಗೇ ಸಿಗುತ್ತೆ, ಆದ್ರೆ ಸಮ ಕೂತಿರಲ್ಲ. ಕತ್ತಲಲ್ಲಿ, ಅರ್ಜೆಂಟಿನಲ್ಲಿ ಹಾಕಿದ ಕೆಲಸ.

ಮಾಲೀಕ: ಇಷ್ಟಕ್ಕೇ ಪಂಪಿನ ಹೆಡ್ಡಾ?

ಮೇಸ್ತ್ರಿ: ಕೋಪ ಆಮೇಲೆ ಮಾಡ್ಕೊ. ಹಳೇದು ಕಿತ್ತು, ಹೊಸ ರಿಂಗಿಗೆ ಡೀಸೆಲ್ ಸವರಿ ಕೂರಿಸಿದೆ. ಸ್ಟಾರ್ಟ್ ಮಾಡಿ ಸ್ಲೋನಲ್ಲಿ ಬಿಡು, ಟೀ ಕುಡಿದು ಬರೋಣ.

(ಟೀ ಆಯಿತು. ಎಂಜಿನ್ ನಿಂತಿರಲಿಲ್ಲ.)

ಮಾಲೀಕ: ಆಯ್ತು ಬಿಡಿ ಮೇಸ್ತ್ರಿ, ಎಷ್ಟು ಕೊಡ್ಲಿ?

ಮೇಸ್ತ್ರಿ: ನೀನೇ ಹೇಳಿದ ಎರಡನೇ ತೊಂದರೆ ಮರೆತ್ಯಾ? ರೇಸ್ ಕೊಡು. ಜಾಸ್ತಿ.

ಮಾಲೀಕ: ಸ್ವಲ್ಪ ಏರುತ್ತೆ... ಅಲ್ಲಿಂದ ಮೇಲೆ ಹೋಗ್ತಿಲ್ಲ. ಮಂಕಾಯ್ತು. ನಿಂತ್ಕೊಳ್ತು.

ಮೇಸ್ತ್ರಿ: ಪೈಪನ್ನ ಮತ್ತೆ ಫಿಲ್ಟರ್‌ಗೂ ಪಂಪಿಗೂ ನಡುವೆ ಹಾಕಿ ನೋಡಿದೀನಿ, ಈಗ ಗುಳ್ಳೆ ಇಲ್ಲ. ಗಾಳಿ ಅಲ್ಲ. ಡೀಸೆಲ್ ಸಾಲ್ತಿಲ್ಲ ಅನ್ಸುತ್ತೆ. ಇದಕ್ಕೂ ಕಾರಣ ಬೇಕಾದಷ್ಟಿವೆ. ಟ್ಯಾಂಕಿನ ಮುಚ್ಚಳದ ಗಾಳಿ ತೂತು ಮಣ್ಣು ಕಟ್ಟಿದ್ರೆ ಹಿಂಗೇ ಆಗುತ್ತೆ, ಮುಚ್ಚಳ ಸಡಿಲ ಮಾಡಿದ್ರೆ ಗೊತ್ತಾಗುತ್ತೆ. ಟ್ಯಾಂಕಿನೊಳಗಿನ ಜಾಲರಿಗೆ ಕಸ ಕಟ್ಟಬಹುದು. ಒಂದೊಂದನ್ನೇ ನೋಡ್ತಾ ಕೂರೋ ಬದಲು ಟ್ಯಾಂಕನ್ನೇ ಲೆಕ್ಕದಿಂದ ತೆಗೀತೀನಿ. ಆ 5 ಲೀಟರ್ ಕ್ಯಾನಿಗೆ ಸೋಸಿದ ಡೀಸೆಲ್ ಹಾಕು. ಬಾನೆಟ್‌ಗಿಂತ ಎತ್ತರಕ್ಕೆ ನೇತುಹಾಕಿ, ಪೈಪನ್ನ ನೇರ ಪಂಪಿನ ಬಾಯಿಗೆ ಕೊಡ್ತೀನಿ. ಟ್ಯಾಂಕಿಲ್ಲ, ಫಿಲ್ಟರಿಲ್ಲ. ಪರೀಕ್ಷೆಗೆ ಮಾತ್ರ, ಹಿಂಗೇ ಓಡಿಸಬಾರದು. ರೇಸ್ ಕೊಡು.

ಮಾಲೀಕ: ಹಂಗೇ ಮಂಕಾಗ್ತಿದೆ.

ಮೇಸ್ತ್ರಿ: ಇಲ್ಲಿ ತನಕ ಒಳ್ಳೆ ಡೀಸೆಲ್ ಬಂದು ನಿಂತಿದೆ. ಆದ್ರೂ ಎಳೀತಿಲ್ಲ.

ಮಾಲೀಕ: ಹಂಗಾದ್ರೆ ಅವರು ಹೇಳಿದ್ದೇ ಸರಿ. ಪಂಪೇ! ಡೂಪ್ಲಿಕೇಟ್ ಪಂಪು ಅಂತಾನೂ ಅಂದಿದ್ರು.

ಮೇಸ್ತ್ರಿ: ಪಂಪಿನ ಮೈಮೇಲಿನ ಪ್ಲೇಟು ಒರೆಸಿ ನೋಡು. ಮೈಕೋ ಅಂತಿದೆ. ಮೋಟಾರ್ ಇಂಡಸ್ಟ್ರೀಸ್ ಕಂಪನಿ, 1951ರಲ್ಲಿ ಬೆಂಗಳೂರಲ್ಲಿ ಶುರುವಾಗಿದ್ದು, ಆಡುಗೋಡಿ ಕಾರ್ಖಾನೆ. 2008ರಲ್ಲಿ ಕಂಪನಿ ಹೆಸರು ಬಾಷ್ ಅಂತ ಆಯ್ತು, ನಾವು ಈಗಲೂ ಮೈಕೋ ಪಂಪು ಅಂತಾನೇ ಅನ್ನೋದು. ನಿನ್ನ ಗಾಡಿ ಅದಕ್ಕೂ ಹಿಂದಿಂದು. ಪಂಪು ಗಾಡಿ ಜೊತೆಗೇ ಬಂದಿದ್ದು ಅನ್ಸುತ್ತೆ. ಇನ್ನು ಪಂಪಿನ ತನಕ ಬಂದ ಡೀಸೆಲ್ಲು ಪಂಪಿನ ಒಳಗೆ ಹೋಗಬೇಕಾದ್ರೆ ಒಂದು ಬಾಗಿಲು ದಾಟಬೇಕಲ್ಲ? ಪೈಪನ್ನ ಪಂಪಿಗೆ ಹಿಡಿದಿಡೋ ತೂತಿನ ಬೋಲ್ಟು. ಅದನ್ನ ಇನ್ನೂ ನೋಡಿಲ್ಲ. ಹದಿನೇಳರ ಸ್ಪ್ಯಾನರ್ ಕೊಡು.

ಮಾಲೀಕ: ಬರೋ ಕಡೆದು, ವಾಪಸ್ ಹೋಗೋ ಕಡೆದು, ಎರಡೂ ಬಿಚ್ಚಿದ್ರಾ? ಎರಡೂ ಒಂದೇ ಥರ ಇವೆ.

ಮೇಸ್ತ್ರಿ: ಇದು ಡೀಸೆಲ್ ಬರೋ ಕಡೆ ಇದ್ದಿದ್ದು. ತಲೆ ಮೇಲೆ ಏನು ಕೆತ್ತಿದೆ ಓದು.

ಮಾಲೀಕ: ಇಂಗ್ಲಿಷ್‌ನಲ್ಲಿ... ಔಟ್ ಅಂತಿದೆ.

ಮೇಸ್ತ್ರಿ: ಬರೋ ಬಾಗಿಲಿಗೆ ಔಟ್ ಬೋಲ್ಟು! ಎರಡನ್ನೂ ಬೆಳಕಿಗೆ ಹಿಡಿ. ಏನೂ ಬರೆಯದೆ ಇರೋದರಲ್ಲಿ ತೂತು ದೊಡ್ಡದು, ಆಚೆ ಕಡೆ ಕಾಣುತ್ತೆ. ಔಟ್ ಅಂತಿರೋದರಲ್ಲಿ?

ಮಾಲೀಕ: ಸೂಜಿ ಮೊನೆಯಷ್ಟು. ಕಣ್ಣು ಕಿರಿದು ಮಾಡಿದ್ರೆ ಕಾಣುತ್ತೆ.

ಮೇಸ್ತ್ರಿ: ಅದು ಬೇಕು ಅಂತಲೇ ಮಾಡಿರೋ ಸಣ್ಣ ತೂತು. ಈ ಪಂಪಿನ ಹೊಟ್ಟೆಯೊಳಗೆ ಇನ್ನೊಂದು ಪುಟ್ಟ ಪಂಪಿದೆ, ವೇನ್ ಪಂಪು. ಅದು ಡೀಸೆಲ್ ಎಳೆದು ಹೊಟ್ಟೆ ತುಂಬಿಸಿ ಒತ್ತಡ ಕಟ್ಟುತ್ತೆ. ಎಂಜಿನ್ ಸ್ಪೀಡು ಏರಿದ ಹಾಗೆ ಆ ಒತ್ತಡವೂ ಏರುತ್ತೆ, ಅದೇ ಟೈಮಿಂಗನ್ನ ಮುಂದಕ್ಕೆ ತಳ್ಳುತ್ತೆ. ಹೆಚ್ಚಾದ ಡೀಸೆಲ್ ವಾಪಸ್ ಟ್ಯಾಂಕಿಗೆ ಹೋಗೋದು ಈ ಸೂಜಿ ತೂತಿನಿಂದ. ತೂತು ಸಣ್ಣದಿರೋದಕ್ಕೇ ಹೊಟ್ಟೆಯಲ್ಲಿ ಒತ್ತಡ ನಿಲ್ಲೋದು. ಈಗ ಅದಲು ಬದಲಾಗಿದೆ. ಒಳಗೆ ಬರೋ ಕಡೆ ಸೂಜಿ ತೂತು, ಹೊರಗೆ ಹೋಗೋ ಕಡೆ ದೊಡ್ಡ ತೂತು. ಬರೋದು ಕಮ್ಮಿ, ಬಂದಿದ್ದೂ ನಿಲ್ಲಲ್ಲ. ಸ್ಲೋಗೆ ಬೇಕಾದಷ್ಟು ಹೇಗೋ ಸಿಗುತ್ತೆ. ಲೋಡ್ ಹಾಕಿ ಏರು ಹತ್ತಿಸಿದ್ರೆ ಎಲ್ಲಿಂದ ತರುತ್ತೆ?

ಮಾಲೀಕ: ಟೆಸ್ಟಿಂಗ್‌ನೋರು ಪಂಪು ಸರಿ ಇದೆ ಅಂತ ಚೀಟಿ ಕೊಟ್ಟಿದ್ರು ಮೇಸ್ತ್ರಿ.

ಮೇಸ್ತ್ರಿ: ಅವರದೇನೂ ತಪ್ಪಿರಲ್ಲ. ಅವರ ಬೆಂಚಿನ ಮೇಲೆ ಸರಿ ಇತ್ತು. ಗಾಡಿಗೆ ತಂದು ಕೂರಿಸುವಾಗ ಎರಡು ಬೋಲ್ಟು ಕೈಯಲ್ಲಿ ಕಲೆತುಹೋಗಿವೆ. ಅದಲು ಬದಲು ಮಾಡಿದೆ. ತಾಮ್ರದ ವಾಷರ್ ನಾಲ್ಕೂ ಹೊಸದು, ಒಂದೊಂದು ಬೋಲ್ಟಿಗೆ ಎರಡೆರಡು. ಹಳೇ ವಾಷರ್ ಒಂದು ಸಲ ಒತ್ತಿಸಿಕೊಂಡ್ರೆ ಗಡಸಾಗುತ್ತೆ, ಮತ್ತೆ ಸರಿಯಾಗಿ ಕೂರಲ್ಲ. ಊರಲ್ಲಿ ಸಿಗದಿದ್ರೆ ಕೆಂಪಗೆ ಕಾಯಿಸಿ ನೀರಿಗೆ ಹಾಕಿ ಮೆತ್ತಗೆ ಮಾಡ್ಕೊಳ್ಳೋದುಂಟು, ಆದ್ರೆ ಅಷ್ಟು ಅಗ್ಗದ ಸಾಮಾನಿಗೆ ಅದ್ಯಾಕೆ? ಪೈಪನ್ನ ಫಿಲ್ಟರಿಗೆ ವಾಪಸ್ ಕೊಟ್ಟಿದೀನಿ. ಗಾಳಿ ತೆಗೆದೆ. ಸೆಲ್ಫ್ ಹೊಡಿ. ರೇಸ್ ಕೊಡು.

ಮಾಲೀಕ: ಏರ್ತಿದೆ! ಕಾಲು ಇಟ್ಟಷ್ಟೂ ಏರ್ತಿದೆ. ಆದ್ರೆ ಮೇಸ್ತ್ರಿ... ಹಿಂದೆ ನೋಡಿ. ಹೊಗೆ.

ಮೇಸ್ತ್ರಿ: ಕಪ್ಪಗೇ ಇದೆ. ಅವರ ಹತ್ರ ಬಿಟ್ಟಿದ್ದು ಯಾವುದಕ್ಕೆ ಅಂದೆ?

ಮಾಲೀಕ: ಇದಕ್ಕೇ.

ಮೇಸ್ತ್ರಿ: ಅದು ಹಂಗೇ ಇದೆ. ಏರ್ ಫಿಲ್ಟರ್ ತೆಗೀಲಿಲ್ವಾ ಯಾರೂ?

ಮಾಲೀಕ: ಚೀಟಿಯಲ್ಲಿ ಫಿಲ್ಟರ್ ಅಂತಿತ್ತಲ್ಲ?

ಮೇಸ್ತ್ರಿ: ಅದು ಡೀಸೆಲ್ ಫಿಲ್ಟರು. ಬಾ, ಈ ಡಬ್ಬಿ ಮುಚ್ಚಳ ತೆಗಿ. ನೋಡಪ್ಪ, ತೆಂಗಿನ ನಾರಿನ ಧೂಳು ಮಡಿಕೆ ಮಡಿಕೆಯಲ್ಲೂ ಕೂತು ಗಟ್ಟಿಯಾಗಿದೆ. ಕಾಯಿ ಸುಲಿಯೋ ಜಾಗದಲ್ಲಿ ಎಂಜಿನ್ ಆಫ್ ಮಾಡದೆ ನಿಲ್ಲಿಸ್ತೀಯಲ್ಲ, ಅದೆಲ್ಲ ಇಲ್ಲಿಗೆ ಬರುತ್ತೆ. ಗಾಳಿ ಕಮ್ಮಿ, ಡೀಸೆಲ್ ಅಷ್ಟೇ. ಪೂರ್ತಿ ಉರಿಯದ್ದು ಕಪ್ಪಾಗಿ ಹೊರಗೆ ಬರುತ್ತೆ. ಹೊಸ ಫಿಲ್ಟರ್ ಹಾಕಿದೆ, ರೇಸ್ ಕೊಡು.

ಮಾಲೀಕ: ತೆಳ್ಳಗಾಯ್ತು. ಒಮ್ಮೆಲೇ ಕೊಟ್ಟಾಗ ಒಂಚೂರು ಬಂದು ಹೋಗುತ್ತೆ.

ಮೇಸ್ತ್ರಿ: ಇಷ್ಟು ವಯಸ್ಸಿನ ಎಂಜಿನ್ನಿಗೆ ಅಷ್ಟು ಇದ್ದೇ ಇರುತ್ತೆ.

ಮಾಲೀಕ: ಅಂದ್ರೆ ಪಂಪು, ನಾಝಲ್ಲು ಯಾವುದನ್ನೂ ಇಳಿಸೋದೇ ಬೇಕಿರಲಿಲ್ವಾ?

ಮೇಸ್ತ್ರಿ: ನಾಝಲ್ ಪರೀಕ್ಷೆ ಮಾಡಿಸಿದ್ದು ದಂಡ ಅಲ್ಲ, ಇಷ್ಟು ವರ್ಷಕ್ಕೆ ಒಂದು ಸಲ ಬೇಕಾಗುತ್ತೆ. ಪಂಪು ಇಳಿಸಿದ್ದು ಬೇಡವಾಗಿತ್ತು. ಹಂಗಂತ ಈ ಪಂಪಿಗೆ ಮುಂದೆ ಏನೂ ಬರಲ್ಲ ಅಂತ ಗ್ಯಾರಂಟಿ ಕೊಡಲ್ಲ. 2020ರ ಏಪ್ರಿಲ್‌ನಿಂದ ದೇಶದ ಎಲ್ಲ ಬಂಕಲ್ಲೂ ಬಿಎಸ್ 6 ಡೀಸೆಲ್ಲು, ಗಂಧಕ 10 ಪಿಪಿಎಂ ಮಾತ್ರ. ಗಂಧಕ ತೆಗೆದ ಡೀಸೆಲ್ ಬಂದಾಗ ಹಳೇ ಪಂಪುಗಳ ರಬ್ಬರ್ ಸೀಲು ಕುಗ್ಗಿ ಸೋರಿದ್ದನ್ನ ಬೇರೆ ದೇಶಗಳಲ್ಲೂ ಕಂಡಿದ್ದಾರೆ. ಪಂಪಿನ ಮೇಲ್ಮುಚ್ಚಳದ ಸುತ್ತ, ಲಿವರ್ ಹತ್ರ ಒದ್ದೆ ಕಂಡ್ರೆ ಬಾ. ಅದು ಸೀಲಿನ ಕೆಲಸ, ಹೆಡ್ಡಿನದ್ದಲ್ಲ.

ಮಾಲೀಕ: ನಿಮ್ಮ ಕೂಲಿ ಹೇಳಿ.

ಮೇಸ್ತ್ರಿ: ಏರ್ ಫಿಲ್ಟರು, ನಾಲ್ಕು ವಾಷರು, ನನ್ನ ಹೊತ್ತು. ಚೀಟಿಯಲ್ಲಿ ಎಲ್ಲಿ ಬಿಚ್ಚಿದೆ, ಏನು ಬದಲಾಯಿಸಿದೆ, ಎಲ್ಲ ಬರೆದಿದೀನಿ. ಹಳೇ ರಿಂಗು, ಹಳೇ ಫಿಲ್ಟರು ಆ ಚೀಲದಲ್ಲಿವೆ, ತಗೊಂಡು ಹೋಗು. ಮುಂದೆ ಯಾರ ಹತ್ರ ಬಿಟ್ರೂ ಇಂಥ ಚೀಟಿ, ಹಳೇ ಸಾಮಾನು, ಎರಡನ್ನೂ ಕೇಳಿ ಇಸ್ಕೊ, ನನ್ನ ಹತ್ರಾನೂ. ಆಮೇಲೆ, ಪಂಪಿನ ಹೆಡ್ಡಿಗೆ ಅಡ್ವಾನ್ಸ್ ಕೊಟ್ಟಿದ್ಯಾ?

ಮಾಲೀಕ: ಸ್ವಲ್ಪ ಕೊಟ್ಟಿದೀನಿ. ನಾಳೆ ಬರುತ್ತೆ ಅಂದಿದ್ರು.

ಮೇಸ್ತ್ರಿ: ಈಗಲೇ ಫೋನ್ ಮಾಡಿ ಬೇಡ ಅನ್ನು. ಪಂಪು ಸರಿ ಇದೆ.